ಎಡಗಡೆಯ ತಗ್ಗು

ಇದು ನನ್ನ ಸೋದರಮಾವನ ಕಥೆ. ನಡುವೆ ನಾನು ಬರುವುದು ನನ್ನ ಗ್ರಹಚಾರ. ನನ್ನನ್ನು ಬಿಟ್ಟು ಹೇಳಲಾಗುತ್ತದೆಯೇ ಎಂದು ಎರಡು ಸಲ ಪ್ರಯತ್ನಪಟ್ಟೆ, ಎರಡು ಸಲವೂ ಸುಳ್ಳು ಹೇಳಿದಂತಾಯಿತು. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ಓದಿದವರು ಛೀ ಎಂದರೆ ಅನ್ನಲಿ, ನಾನೇ ಬೇಕಾದಷ್ಟು ಅಂದುಕೊಂಡಾಗಿದೆ.

ಮಾವ ಹಾಸಿಗೆ ಹೊಲಿಯುವವನು. ನಲವತ್ತೆರಡು ವರ್ಷದಿಂದ ಅದೇ ಕೆಲಸ, ಅದೇ ಅಂಗಡಿ. ಮುಂದಿನ ಕೋಣೆಯಲ್ಲಿ ಹೊಲಿಗೆ, ಹಿಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಯಂತ್ರ, ಮಾಳಿಗೆಯ ಮೇಲೆ ಎರಡು ಕೋಣೆಯ ಸಂಸಾರ. ಯಂತ್ರದ ಕೋಣೆಗೆ ಬಾಗಿಲಿನ ಜೊತೆಗೆ ಒಂದು ಹಳೆಯ ಕಂಬಳಿಯನ್ನೂ ಇಳಿಬಿಟ್ಟಿದ್ದಾನೆ. ಆದರೂ ಹತ್ತಿಯ ಎಳೆ ಹೇಗೋ ನುಸುಳಿ ಬಂದು ಗೋಡೆ ಗಡಿಯಾರದ ಮೇಲೆ, ಕ್ಯಾಲೆಂಡರಿನ ಮೇಲೆ, ಟೀ ಲೋಟದ ಒಳಗೆ ಕೂರುತ್ತದೆ. ಮಾವನ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಸದಾ ಬೆಳ್ಳಗೆ. ಮದುವೆಯಾದ ಹೊಸತರಲ್ಲೇ ಹಾಗೆ ಕಾಣುತ್ತಿದ್ದನಂತೆ. ಹೀಗಾಗಿ ಅವನ ತಲೆ ನಿಜವಾಗಿ ಯಾವಾಗ ನರೆಯಿತೋ ಯಾರಿಗೂ ಗೊತ್ತಾಗಲಿಲ್ಲ.

"ಒಂದಿನ ತಲೆಗೆ ನೀರು ಹಾಕ್ಕೊಂಡು ಬಂದ್ರು, ಬಿಳಿ ಹೋಗ್ಲೇ ಇಲ್ಲ. ಇನ್ನೊಂದು ಚೊಂಬು ಹಾಕ್ಕೊಳ್ಳಿ ಅಂದೆ. ಊಹೂಂ! ಅವತ್ತು ನನಗೆ ಗೊತ್ತಾಯ್ತು, ಗಂಡ ಮುದುಕ ಆದ ಅಂತ," ಎಂದು ಅತ್ತೆ ಗಿರಾಕಿಗಳ ಎದುರಿಗೇ ಹೇಳಿ ನಗಿಸುತ್ತಿದ್ದಳು. ಮಾವ ದಬ್ಬಳ ಹಿಡಿದು ತಲೆ ತಗ್ಗಿಸಿಕೊಂಡು ತಾನೂ ನಗುತ್ತಿದ್ದ.

ಅವನ ಸ್ವಭಾವದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಮುಂದೆ ಆದದ್ದೆಲ್ಲ ಆ ಸ್ವಭಾವದಿಂದಲೇ ಆಯಿತು. ಮಾವ ಯಾರ ಹತ್ತಿರವೂ ವಾದ ಮಾಡುವವನಲ್ಲ. ಹಾಸಿಗೆ ಸರಿಯಿಲ್ಲ ಎಂದು ಯಾರಾದರೂ ವಾಪಸ್ಸು ತಂದರೆ ಏಕೆ, ಏನು ಎಂದು ಕೇಳದೆ ಹೊಲಿಗೆ ಬಿಚ್ಚುತ್ತಾನೆ. ಬ್ಯಾಂಕಿನವರೊಬ್ಬರು ಬೆನ್ನಿಗೆ ಏನೋ ಚುಚ್ಚುತ್ತದೆ ಎಂದು ಒಂದೇ ಹಾಸಿಗೆಯನ್ನು ಮೂರು ಸಲ ಹೊರಿಸಿಕೊಂಡು ಬಂದರು. ಮೂರು ಸಲವೂ ಇವನು ಬಿಚ್ಚಿ, ಹಿಂಜಿ, ತುಂಬಿ, ಹೊಲಿದುಕೊಟ್ಟ. ನಾಲ್ಕನೆಯ ಸಲ ಅತ್ತೆಗೆ ತಡೆಯಲಾಗದೆ ಅವರ ಮನೆಗೇ ನುಗ್ಗಿ ನೋಡಿದರೆ ಮಂಚದ ಹಲಗೆಯ ಮೊಳೆ ಅರ್ಧ ಬೆರಳು ಮೇಲೆದ್ದು ನಿಂತಿತ್ತು! ಅತ್ತೆ ಬಂದು ಕೂಗಾಡಿದಳು. ಮಾವ ಹೇಳಿದ್ದು ಇಷ್ಟೇ:

"ಮಲಗೋರು ಚುಚ್ಚುತ್ತೆ ಅಂದ್ರೆ ಚುಚ್ಚುತ್ತೆ ಕಣೇ. ನಾವು ವಾದ ಮಾಡಿದ್ರೆ ಚುಚ್ಚೋದು ನಿಲ್ಲುತ್ತಾ?"

ಇನ್ನೊಂದು ವಿದ್ಯೆ ಅವನಿಗೆ ಗೊತ್ತು. ಹಿಂಜಲು ಬಂದ ಹಳೆಯ ಹಾಸಿಗೆಯನ್ನು ನೆಲದ ಮೇಲೆ ಹಾಸಿ ಒಂದು ನಿಮಿಷ ಸುಮ್ಮನೆ ನಿಂತು ನೋಡುತ್ತಾನೆ. ಎಲ್ಲಿ ತಗ್ಗು, ಎಲ್ಲಿ ಉಬ್ಬು, ಎಲ್ಲಿ ಸವೆತ. ನೋಡಿ, "ಇವ್ರು ಗೋಡೆ ಕಡೆ ತಿರುಗಿ ಮಲಗ್ತಾರೆ" ಎನ್ನುತ್ತಾನೆ. "ಇವ್ರಿಗೆ ಮಂಡಿ ನೋವಿದೆ, ಕಾಲು ಮಡಚ್ಕೊಂಡೇ ಮಲಗೋದು." ಒಮ್ಮೆ ಒಂದು ದೊಡ್ಡ ಹಾಸಿಗೆಯ ಸುತ್ತ ಎರಡು ಸಲ ನಡೆದು ನೋಡಿದ. ಆಮೇಲೆ, "ನಡುವೆ ದಿಬ್ಬ ನೋಡು. ಇಬ್ರಿಗೂ ಮಾತಿಲ್ಲ ಅನ್ಸುತ್ತೆ, ಪಾಪ," ಎಂದ. ನಾನು ಎಕ್ಸ್-ರೇ ಕೆಲಸ ಕಲಿಯುವಾಗ ಮೂರು ವರ್ಷ ಅವರ ಮನೆಯಲ್ಲೇ ಇದ್ದೆ. ರಾತ್ರಿ ಮಾವ ಕೆಳಗೆ ಅಂಗಡಿಯಲ್ಲಿ ಮಲಗುತ್ತಿದ್ದ, ನಾನು ಮೇಲೆ ಅತ್ತೆಯ ಪಕ್ಕದಲ್ಲಿ. ಆಸ್ಪತ್ರೆಯಲ್ಲಿ ಮೂಳೆಯ ಚಿತ್ರ ನೋಡುವುದನ್ನು ಕಲಿತು ಸಂಜೆ ಬಂದರೆ ಇಲ್ಲಿ ಮಾವ ಹಾಸಿಗೆ ನೋಡುವುದನ್ನು ಕಲಿಸುತ್ತಿದ್ದ. ಮಾವನಿಗೂ ಅತ್ತೆಗೂ ಮಕ್ಕಳಿರಲಿಲ್ಲ. ನನ್ನ ಮೂಗಿನ ತುದಿಯ ಕೋಪ ನೋಡಿ ಮೆಣಸಿನಕಾಯಿ ಎಂದು ಹೆಸರಿಟ್ಟವನೂ ಅವನೇ.

ಊರಿಗೆಲ್ಲ ಹಾಸಿಗೆ ಹೊಲಿಯುವವನ ಸ್ವಂತ ಹಾಸಿಗೆ ಮಾತ್ರ ಹಳ್ಳ ಬಿದ್ದಿತ್ತು. "ನೋಡೇ, ನಮ್ಮನೆ ಹಾಸಿಗೆ ನೋಡು! ಎಡಗಡೆ ನಾನು ಮಲಗಿದ್ರೆ ಎದ್ದು ಬರೋಕೆ ಏಣಿ ಬೇಕು," ಎಂದು ಅತ್ತೆ ರೇಗಿಸುತ್ತಿದ್ದಳು. "ನಾಳೆ ಬಿಚ್ಚಿ ಹಿಂಜಿಕೊಡ್ತೀನಿ," ಎಂದು ಮಾವ. ಆ ನಾಳೆ ಬರಲೇ ಇಲ್ಲ. ಅತ್ತೆಗೆ ಕಾಯಿಲೆಯಾಯಿತು, ಎರಡು ವರ್ಷ ಹೆಚ್ಚುಕಡಿಮೆ ಅದೇ ಹಾಸಿಗೆಯ ಮೇಲೇ ಕಳೆದಳು. ಹೋದ ವರ್ಷ ತೀರಿಕೊಂಡಳು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಬರದೆ ವಿಧಿಯಿಲ್ಲ.

ಕೆಲಸದ ನಡುವೆ ಬಿಡುವು ಸಿಕ್ಕಾಗ ಫೋನು ನೋಡುವುದು ಎಲ್ಲರಿಗೂ ಇರುವ ಚಟ. ನನ್ನ ಚಟ ಒಂದು ಫೋಟೋ ಬಳಗ. ಎರಡು ಸಾವಿರಕ್ಕೂ ಹೆಚ್ಚು ಜನ. ಯಾರು ಬೇಕಾದರೂ ಸೇರಬಹುದು, ಫೋಟೋ ಹಾಕಬಹುದು, ಇನ್ನೊಬ್ಬರ ಫೋಟೋ ಬಗ್ಗೆ ಅಭಿಪ್ರಾಯ ಬರೆಯಬಹುದು. ನಿಜವಾದ ಹೆಸರು ಹೇಳುವ ಅಗತ್ಯವಿಲ್ಲ. ನಾನು ಅಲ್ಲಿ ಕತ್ತರಿ. ಬಳಗವನ್ನು ನೋಡಿಕೊಳ್ಳುವ ಇಬ್ಬರಲ್ಲಿ ನಾನೊಬ್ಬಳು, ಇನ್ನೊಬ್ಬರು ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು. ಮೇಷ್ಟ್ರು ಸಾಧು. ನಾನು ಹಾಗಲ್ಲ. "ಕತ್ತರಿ ಏನಂದ್ರು?" ಎಂದು ಜನ ಕಾದು ಕೂರುತ್ತಿದ್ದರು. ನಾನು ನಾಲ್ಕು ಸಾಲು ಬರೆದರೆ ನೂರು ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೂ ಜಂಬವಿತ್ತು ಅನ್ನಿ. ದಿನವಿಡೀ ಕತ್ತಲೆ ಕೋಣೆಯಲ್ಲಿ "ಉಸಿರು ಬಿಗಿ ಹಿಡೀರಿ, ಬಿಡಿ" ಎಂದು ಹೇಳುವವಳಿಗೆ ಇನ್ಯಾರು ಚಪ್ಪಾಳೆ ಹೊಡೆಯುತ್ತಾರೆ? ಈ ಕತ್ತರಿ ನಾನೇ ಎಂದು ಮನೆಯವರಿಗೆ, ಆಸ್ಪತ್ರೆಯವರಿಗೆ ಯಾರಿಗೂ ಹೇಳಿರಲಿಲ್ಲ.

ಬಳಗದಲ್ಲಿ ಒಂದು ನಿಯಮವಿದೆ. ಪ್ರತಿ ಫೋಟೋದ ತಲೆಯ ಮೇಲೆ ಅದು ಯಾವ ಬಗೆಯದು ಎಂಬ ಹಣೆಪಟ್ಟಿ ಇರಬೇಕು: ಕಲೆ, ಬೀದಿ, ಪ್ರಕೃತಿ, ಸುದ್ದಿ, ತಮಾಷೆ, ನೆನಪು. ಫೋಟೋ ಹಾಕುವವರು ಪಟ್ಟಿಯಲ್ಲಿ ಒಂದನ್ನು ಆರಿಸಬೇಕು. ಆರಿಸದಿದ್ದರೆ ಪಟ್ಟಿಯಲ್ಲಿ ಮೊದಲಿರುವ "ಕಲೆ" ತಾನಾಗಿಯೇ ಅಂಟಿಕೊಳ್ಳುತ್ತದೆ. ಇದರಿಂದ ಗೊತ್ತಿಲ್ಲದವರಿಗೆ ತೊಂದರೆ, ಬದಲಾಯಿಸೋಣ ಎಂದು ಮೇಷ್ಟ್ರು ಎರಡು ಸಲ ಹೇಳಿದ್ದರು. "ಪಟ್ಟಿ ಕೆಳಗಿಳಿಸಿ ನೋಡೋಕೆ ಬರದವರು ಫೋಟೋ ಯಾಕೆ ಹಾಕ್ಬೇಕು ಮೇಷ್ಟ್ರೇ?" ಎಂದು ನಾನೇ ತಳ್ಳಿಹಾಕಿದ್ದೆ.

ಹಣೆಪಟ್ಟಿ ಏನು ಮಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಎಂದೇನಾದರೂ ಹೇಳಿದರೆ ನನ್ನ ಬಾಯಿಗೆ ಹುಳ ಬೀಳಲಿ. ನನಗೆ ಚೆನ್ನಾಗಿ ಗೊತ್ತಿತ್ತು. ನಾನೂ ಮೇಷ್ಟ್ರೂ ಸೇರಿ ಒಂದು ಆಟ ಆಡಿದ್ದೆವು. ಮುರಿದ ಕೊಡೆಯೊಂದು ಚರಂಡಿಯ ಪಕ್ಕ ಬಿದ್ದಿರುವ ಫೋಟೋ. ಅದನ್ನೇ ತಿಂಗಳಿಗೊಮ್ಮೆ ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಹಣೆಪಟ್ಟಿಯ ಕೆಳಗೆ ಹಾಕಿದೆವು. ಕಲೆ ಎಂದಾಗ ಜನ ಅಳತೆಪಟ್ಟಿ ಹಿಡಿದು ಬಂದರು: ಕೆಳಗಿನ ಮೂಲೆ ಖಾಲಿ, ಇನ್ನಷ್ಟು ಬಗ್ಗಬೇಕಿತ್ತು, ಬೆಳಕು ಸಾಲದು. ಸುದ್ದಿ ಎಂದಾಗ, "ಯಾರಿಗೂ ಏಟಾಗಿಲ್ಲ ತಾನೇ?" ಎಂದು ಕೇಳಿದರು. ತಮಾಷೆ ಎಂದಾಗ ಒಬ್ಬರು, "ನನ್ನ ಮದುವೆ ಫೋಟೋ ನಿಮಗೆಲ್ಲಿ ಸಿಕ್ತು?" ಎಂದು ಬರೆದರು. ನೆನಪು ಎಂದು ಹಾಕಿದ ದಿನ ಒಬ್ಬ ಹೆಂಗಸು ತನ್ನ ತಂದೆಯ ಹತ್ತಿರವೂ ಇಂಥದ್ದೇ ಕೊಡೆ ಇತ್ತೆಂದು ಅರ್ಧ ಪುಟ ಬರೆದುಕೊಂಡಳು. ಯಾರೊಬ್ಬರೂ ಮೂಲೆ ಖಾಲಿ ಎನ್ನಲಿಲ್ಲ. ಮೇಷ್ಟ್ರು ತಲೆ ಕೊಡವಿ, "ಫೋಟೋ ಯಾರೂ ನೋಡ್ತಾ ಇಲ್ಲಮ್ಮ, ಪದ ಓದ್ತಿದ್ದಾರೆ," ಎಂದರು. ನಾನು ನಕ್ಕೆ. ಜನ ಎಷ್ಟು ದಡ್ಡರು ಎಂದುಕೊಂಡೆ. ಆ ಜನರಲ್ಲಿ ನಾನಿಲ್ಲ ಎಂಬ ಭ್ರಮೆ.

ಅತ್ತೆ ಹೋಗಿ ಕೆಲವು ತಿಂಗಳಾದ ಮೇಲೆ ಮಾವ ಒಂದು ಫೋನು ಕೊಂಡ. ಅದರಲ್ಲಿ ಫೋಟೋ ತೆಗೆಯುವುದನ್ನು ಎದುರಿನ ಫೋನ್ ರಿಪೇರಿಯವರು ಕಲಿಸಿಕೊಟ್ಟರು. ನಾನು ಒಂದು ಭಾನುವಾರ ಹೋಗಿದ್ದಾಗ ಕೇಳಿದ:

"ಲೇ ಮೆಣಸಿನಕಾಯಿ, ನೀನು ಅದ್ಯಾವ್ದೋ ಫೋಟೋ ಗುಂಪು ನೋಡ್ತಿರ್ತೀಯಲ್ಲ, ಅದಕ್ಕೆ ನಾನೂ ಸೇರ್ಬಹುದಾ?"

"ಬೇಡ ಮಾವ, ನಿನಗ್ಯಾಕೆ ಅದೆಲ್ಲ? ಅಲ್ಲಿರೋರ ಬಾಯಿ ಸರಿಯಿಲ್ಲ," ಎಂದೆ.

ಅಲ್ಲಿ ಎಲ್ಲರಿಗಿಂತ ಬಾಯಿ ಸರಿಯಿಲ್ಲದವಳು ಯಾರು ಎಂದು ಹೇಳಲಿಲ್ಲ. ಮಾವ ಮತ್ತೆ ಆ ಮಾತೆತ್ತಲಿಲ್ಲವಾದ್ದರಿಂದ ನಾನು ಮರೆತೂಬಿಟ್ಟೆ.

ಒಂದು ಮಧ್ಯಾಹ್ನ ಎಕ್ಸ್-ರೇ ಕೋಣೆಯ ಹೊರಗೆ ಯಾರೂ ಇರಲಿಲ್ಲ. ಡಬ್ಬಿಯ ಊಟ ಮುಗಿಸಿ ಫೋನು ತೆಗೆದೆ. ಕಲೆ ವಿಭಾಗದಲ್ಲಿ ಹೊಸ ಫೋಟೋ. ಹಾಕಿದವರ ಹೆಸರಿನ ಜಾಗದಲ್ಲಿ "ಸದಸ್ಯ" ಎಂಬ ಪದ, ಮುಂದೊಂದು ನಂಬರು. ಒಂದು ಮಂಚ, ಮಂಚದ ಮೇಲೆ ಹೊದಿಕೆಯಿಲ್ಲದ ಪಟ್ಟೆಪಟ್ಟೆಯ ಹಾಸಿಗೆ. ಫೋಟೋ ವಾಲಿತ್ತು. ಕಿಟಕಿಯ ಬೆಳಕು ಬಿದ್ದು ಅರ್ಧ ಗೋಡೆ ಸುಣ್ಣ ಬಳಿದಂತೆ ಬೆಳ್ಳಗೆ ಹೊಡೆದಿತ್ತು. ಬಲಗಡೆಯ ಮೂಲೆಯಲ್ಲಿ ತೆಗೆದವರ ಹೆಬ್ಬೆರಳು. ಕೆಳಗೆ ಎರಡೇ ಪದ: "ಎಡಗಡೆ ನೋಡಿ."

ಅಷ್ಟರಲ್ಲೇ ಐದಾರು ಜನ ಬಂದು ಕುಟುಕಿ ಹೋಗಿದ್ದರು. "ಹೆಬ್ಬೆರಳಿಗೆ ಬೇರೆ ಬಹುಮಾನ ಕೊಡಬೇಕು" ಎಂದು ಒಬ್ಬ. ನನ್ನ ಕೈ ತುರಿಸಿತು. ಹೀಗೆ ಬರೆದೆ, ಒಂದಕ್ಷರವೂ ಮರೆತಿಲ್ಲ:

"ಎಡಗಡೆ ನೋಡಿದೆ, ಹಾಸಿಗೆ ತಗ್ಗು ಬಿದ್ದಿದೆ. ಬಲಗಡೆ ನೋಡಿದೆ, ಹೆಬ್ಬೆರಳು ಬಿದ್ದಿದೆ. ಕಲೆ ಯಾವ ಕಡೆ ಬಿದ್ದಿದೆಯೋ ಹುಡುಕುತ್ತಿದ್ದೇನೆ. ಸ್ವಾಮಿ, ಮೊದಲು ಹಾಸಿಗೆ ಸರಿಮಾಡಿ, ಆಮೇಲೆ ಫೋಟೋ ತೆಗೆಯಿರಿ."

ಅಯ್ಯೋ, ಏನು ನಗು! ಸಂಜೆಯೊಳಗೆ ನೂರೈವತ್ತು ಜನ ನಗುವ ಮುಖ ಅಂಟಿಸಿದರು. ಒಬ್ಬರು ಸೋಮಾರಿ ಗಂಡನ ಹಾಸಿಗೆ ಎಂದರು, ಇನ್ನೊಬ್ಬರು ಛತ್ರದ ಹಾಸಿಗೆ ಎಂದರು. ನಾನು ಕೆಲಸ ಮುಗಿಸಿ ಮನೆಗೆ ಹೋಗುವ ಬಸ್ಸಿನಲ್ಲೂ ಅವನ್ನೇ ಓದಿ ಓದಿ ನಗುತ್ತಿದ್ದೆ. ಫೋಟೋ ಹಾಕಿದವರು ಸಿಟ್ಟಾಗಲಿಲ್ಲ. ಎಲ್ಲರ ಕೊನೆಯಲ್ಲಿ ನನಗೆ ಮಾತ್ರ ಉತ್ತರ ಬರೆದಿದ್ದರು: "ತಿಳಿದವರು ಹೇಳಿದ್ದೀರಿ. ಸರಿ ಮಾಡುತ್ತೇನೆ."

ಒಂಬತ್ತು ದಿನ ಬಿಟ್ಟು ಅವರು ಇನ್ನೊಂದು ಫೋಟೋ ಹಾಕಿದರು. ಅದೇ ಮಂಚ. ಈ ಸಲ ಫೋಟೋ ನೆಟ್ಟಗಿತ್ತು, ಹೆಬ್ಬೆರಳಿರಲಿಲ್ಲ, ಬೆಳಕು ಹದವಾಗಿತ್ತು. ಹಾಸಿಗೆಯಂತೂ ಆಗತಾನೇ ಹೊಲಿದು ತಂದಂತೆ ಉಬ್ಬಿಕೊಂಡು, ಪಟ್ಟೆಗಳು ಗೆರೆ ಎಳೆದಂತೆ ನೇರವಾಗಿದ್ದವು. ನನಗೆ ಬಹಳ ಹೆಮ್ಮೆಯಾಯಿತು. ನೋಡಿ, ಒಬ್ಬರನ್ನು ತಿದ್ದಿದೆ! "ಶಭಾಷ್! ಹೇಳಿದ್ದನ್ನು ಕೇಳಿದಿರಿ. ಈಗ ಇದು ಫೋಟೋ," ಎಂದು ಬರೆದೆ. ಅವರು ನಮಸ್ಕಾರ ಹೇಳಿದರು.

ಮುಂದಿನ ಭಾನುವಾರ ಮಾವನ ಮನೆಗೆ ಹೋದೆ. ಅಂಗಡಿ ಮುಚ್ಚಿತ್ತು. ಮಹಡಿಯ ಮೆಟ್ಟಿಲು ಹತ್ತುವಾಗಲೇ ಮೇಲಿನಿಂದ ಕೂಗಿದ:

"ಬಾ ಬಾ, ನಿನಗೇ ಕಾಯ್ತಿದ್ದೆ! ಒಂದು ಗುಟ್ಟಿದೆ, ಬೈಯ್ಯಲ್ಲ ಅಂದ್ರೆ ಹೇಳ್ತೀನಿ."

"ಏನು ಗುಟ್ಟು? ಮದುವೆ ಗಿದುವೆ ಆದ್ಯಾ ಮಾವ?"

"ಥೂ, ನಿನ್ನ ಬಾಯಿಗಿಷ್ಟು! ನಿನ್ನ ಫೋಟೋ ಗುಂಪಿಗೆ ಸೇರ್ದೆ. ಎದುರಿನ ರಿಪೇರಿಯವ್ರು ಸೇರಿಸಿಕೊಟ್ರು. ನಿನಗೆ ಹೇಳಿದ್ರೆ ಬೇಡ ಅಂತಿದ್ದೆ ನೋಡು. ಅಲ್ಲಿರೋರ ಬಾಯಿ ಸರಿಯಿಲ್ಲ ಅಂದೆಯಲ್ಲ, ಒಬ್ರಿದಾರೆ ಕಣೇ, ಕತ್ತರಿ ಅಂತ, ತುಂಬಾ ತಿಳಿದವ್ರು. ನನಗೆ ಶಭಾಷ್ ಅಂದಿದಾರೆ!"

ಅವನು ಫೋನನ್ನು ನನ್ನ ಮುಖದ ಮುಂದೆ ಹಿಡಿದಿದ್ದ. ನಾನು ಫೋನು ನೋಡಲಿಲ್ಲ. ಅವನ ಭುಜದಾಚೆ ಒಳಕೋಣೆಯ ಬಾಗಿಲು ತೆರೆದಿತ್ತು, ಅಲ್ಲಿ ಆ ಕಿಟಕಿ, ಆ ಮಂಚ, ಆ ಪಟ್ಟೆಯ ಹಾಸಿಗೆ. ಹೊದಿಕೆ ಹಾಸಿರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಒಂದೇ ಮಟ್ಟ.

"ಮಾವ, ಆ ತಗ್ಗು..."

"ಅದೇ ಹೇಳ್ತಿದೀನಿ, ಕೇಳು," ಎಂದು ಕುರ್ಚಿ ಎಳೆದು ಕೂತ. "ನಾನು ಹೋದ್ಮೇಲೆ ಯಾರಾದ್ರೂ ಅದನ್ನ ಬಿಚ್ಚಿ ಹಿಂಜೇ ಹಿಂಜ್ತಾರೆ, ಒಂದು ಫೋಟೋ ಆದ್ರೂ ಇರ್ಲಿ ಅಂತ ತೆಗ್ದೆ. ಎಷ್ಟು ಜನರ ಹಾಸಿಗೆ ನೋಡಿದೀನಿ, ಇಷ್ಟು ಚೆನ್ನಾಗಿ ಬಿದ್ದಿರೋ ತಗ್ಗು ನೋಡಿರ್ಲಿಲ್ಲ. ಭುಜ ಇಲ್ಲಿ, ಸೊಂಟ ಇಲ್ಲಿ, ಮಂಡಿ ಸ್ವಲ್ಪ ಮಡಚಿ, ನನ್ನ ಕಡೆ ತಿರುಗಿ. ಅವಳೇ ಮಲಗಿದ್ದಾಳೆ ಅನ್ನೋ ಹಾಗೆ. ನಾಲ್ಕು ಜನ ನೋಡ್ಲಿ ಅಂತ ಹಾಕ್ದೆ. ಆಮೇಲೆ ಕತ್ತರಿಯವ್ರು ಹೇಳಿದ್ರು, ಹಾಸಿಗೆ ಸರಿಮಾಡಿ ಅಂತ."

"ಅವ್ರು ಹೇಳಿದ್ರು ಅಂತ ಬಿಚ್ಚಿಬಿಟ್ಯಾ?"

"ಒಂದು ವಾರ ಕೈ ಬರ್ಲಿಲ್ಲ ಕಣೇ. ದಿನಾ ಬ್ಲೇಡು ತಗೊಳ್ಳೋದು, ಇಡೋದು. ಆಮೇಲೆ ಅನ್ನಿಸ್ತು, ಇಷ್ಟು ವರ್ಷ ಯಾರು ಹೇಳಿದ್ರೂ ಬಿಚ್ಚಿ ಕೊಟ್ಟಿದೀನಿ, ಈಗ ನನ್ನ ಮನೇದು ಅಂತ ಹಟ ಹಿಡಿದ್ರೆ ಹೇಗೆ? ಆ ಕೆಲಸ ಗೊತ್ತಿರೋರು ಹೇಳ್ತಿದಾರೆ. ಅದೂ ಅಲ್ದೆ ಅವಳೂ ಹಿಂಜಿಕೊಡಿ ಹಿಂಜಿಕೊಡಿ ಅಂತ ಕೇಳ್ತಾನೇ ಇದ್ಲು. ಕೊನೆಗೂ ಮಾಡಿಕೊಟ್ಟೆ."

ಅಷ್ಟು ಹೇಳಿ ನಕ್ಕ. ನಗು ಪೂರ್ತಿ ಬರಲಿಲ್ಲ. ತನ್ನ ಬಲಗೈ ನೋಡಿಕೊಂಡು, "ಬೆಳಗ್ಗೆ ಎಚ್ಚರ ಆದಾಗ ಕೈ ತಾನಾಗೇ ಆ ಕಡೆ ಹೋಗೋದು, ಹೋಗಿ ಆ ತಗ್ಗಲ್ಲಿ ಕೂತ್ಕೊಳ್ಳೋದು. ಈಗ ಜಾರುತ್ತೆ. ಅಷ್ಟೇ, ಅಭ್ಯಾಸ ಆಗುತ್ತೆ ಬಿಡು," ಎಂದ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಎರಡು ಸಾವಿರ ಜನರ ಮುಂದೆ ಪಟಪಟ ಆಡುವ ಬಾಯಿ ಒಬ್ಬ ಮನುಷ್ಯನ ಮುಂದೆ ತೆರೆಯಲಿಲ್ಲ. ತಲೆನೋವು ಎಂದು ಸುಳ್ಳು ಹೇಳಿ, ಅವನು ಮಾಡಿಕೊಟ್ಟ ಟೀಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಬೀದಿಯ ಕೊನೆಯವರೆಗೂ ತಿರುಗಿ ನೋಡಲು ಧೈರ್ಯವಾಗಲಿಲ್ಲ, ಕಿಟಕಿಯಲ್ಲಿ ನಿಂತಿರುತ್ತಾನೆ ಎಂದು ಗೊತ್ತಿತ್ತು.

ಮರುದಿನ ಆಸ್ಪತ್ರೆಯಲ್ಲಿ ಮೊದಲ ಬಿಡುವಿಗೇ ಬಳಗ ತೆರೆದೆ. ಬಳಗ ನೋಡಿಕೊಳ್ಳುವವರಿಗೆ ಯಾರ ಮಾತನ್ನಾದರೂ ಅಳಿಸುವ, ಯಾವ ಹಣೆಪಟ್ಟಿಯನ್ನಾದರೂ ಬದಲಿಸುವ ಅಧಿಕಾರವಿದೆ. ನಾನು ಮೊದಲು ಮಾಡಿದ್ದು ಏನು ಗೊತ್ತೇ? ನನ್ನ ಮಾತನ್ನು ಅಳಿಸಿದ್ದು. ಕಳ್ಳಿ ಕಳ್ಳಿಯೇ. ಆಮೇಲೆ ಉಳಿದವರ ಹಾಸ್ಯವನ್ನೂ ಅಳಿಸಿದೆ. ಆಮೇಲೆ ಆ ಮೊದಲ ಫೋಟೋದ ತಲೆಯ ಮೇಲಿದ್ದ "ಕಲೆ" ತೆಗೆದು "ನೆನಪು" ಎಂದು ಹಾಕಿ, ಎಲ್ಲರಿಗೂ ಕಾಣುವಂತೆ ಮತ್ತೆ ಮೇಲಕ್ಕೆ ತಂದೆ. ಬೇರೆ ಒಂದು ಚುಕ್ಕೆಯನ್ನೂ ಮುಟ್ಟಲಿಲ್ಲ. ಅದೇ ವಾಲಿದ ಮಂಚ, ಅದೇ ಹೆಬ್ಬೆರಳು, ಅದೇ "ಎಡಗಡೆ ನೋಡಿ."

ಅರ್ಧ ಗಂಟೆಯಲ್ಲಿ ಕೈಮುಗಿಯುವ ಚಿತ್ರಗಳು ಸುರಿಯತೊಡಗಿದವು. "ನೋಡಿದೆವು. ಮಾತು ಬರುತ್ತಿಲ್ಲ." "ಆ ಜಾಗ ಯಾರದ್ದೋ, ಅವರಿಗೆ ಶಾಂತಿ ಸಿಗಲಿ." "ಬೆಳಕು ಹೇಗೆ ಆ ಗೋಡೆಯನ್ನು ಅಳಿಸಿಹಾಕಿದೆ ನೋಡಿ, ಇರುವವರು ಇಲ್ಲದ ಹಾಗೆ." ಹೆಬ್ಬೆರಳಿಗೆ ಬಹುಮಾನ ಕೊಡಬೇಕೆಂದಿದ್ದ ಅದೇ ಪುಣ್ಯಾತ್ಮ, "ಆ ಬೆರಳಿನ ನಡುಕವೇ ಎಲ್ಲ ಹೇಳುತ್ತಿದೆ" ಎಂದು ಬರೆದ. ಎರಡು ವಾರದ ಹಿಂದೆ ಇದೇ ಫೋಟೋ ನೋಡಿ ನಕ್ಕಿದ್ದು ಯಾರಿಗೂ ನೆನಪಿರಲಿಲ್ಲ, ಅಥವಾ ಇದ್ದೂ ಬಾಯಿ ಬಿಡಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬಂತು. ಅವರ ಮೇಲೆ ಸಿಟ್ಟಾಗಲು ನನಗೇನು ಹಕ್ಕು ಎಂದು ಇನ್ನಷ್ಟು ಸಿಟ್ಟು ಬಂತು. ಆದರೂ ಒಳಗೆಲ್ಲೋ ಸಮಾಧಾನ. ಮಾವ ಇದನ್ನು ನೋಡಿದರೆ ಸಂತೋಷಪಡುತ್ತಾನೆ, ಅಲ್ಲಿಗೆ ನನ್ನ ತಪ್ಪು ಸ್ವಲ್ಪವಾದರೂ ತೊಳೆದುಹೋಗುತ್ತದೆ ಎಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಹಾಕಬೇಕು.

ಮಾರನೆಯ ದಿನ ಮಧ್ಯಾಹ್ನ ಮಾವ ಆಸ್ಪತ್ರೆಗೇ ಬಂದ. ಎಕ್ಸ್-ರೇ ಕೋಣೆಯ ಹೊರಗಿನ ಬೆಂಚಿನಲ್ಲಿ, ಕೆಮ್ಮುತ್ತಿದ್ದ ಒಬ್ಬ ಅಜ್ಜಿಯ ಪಕ್ಕದಲ್ಲಿ ಕೂತಿದ್ದ. ಕೆಲಸದ ಅಂಗಿಯಲ್ಲೇ ಬಂದಿದ್ದ, ರೆಪ್ಪೆಯಲ್ಲಿ ಹತ್ತಿ ಹಾಗೇ ಇತ್ತು. ಅಂಗಡಿಯ ಹೊತ್ತಿನಲ್ಲಿ ಅವನು ಹೀಗೆ ಹೊರಗೆ ಬಂದವನೇ ಅಲ್ಲ. ಅಜ್ಜಿಯನ್ನು ಒಳಗೆ ಕಳಿಸಿ, ನನ್ನ ಜೊತೆಯವಳಿಗೆ ನೋಡಿಕೊಳ್ಳಲು ಹೇಳಿ ಬಂದು ಅವನ ಪಕ್ಕ ಕೂತೆ.

"ಇದನ್ನ ನೋಡು," ಎಂದು ಫೋನು ಕೊಟ್ಟ. "ಅದೇ ಫೋಟೋ ತಾನೇ? ನಾನು ಏನೂ ಮಾಡಿಲ್ಲ. ಅದೇ ಬೆರಳು, ಅದೇ ಗೋಡೆ. ಅವತ್ತು ಅಷ್ಟು ಜನ ನಕ್ರು, ಇವತ್ತು ಅವ್ರೇ ಕೈ ಮುಗೀತಿದಾರೆ. ಮುನ್ನೂರು ಜನ! ಮೊದಲಿನದ್ದೇ ಚೆನ್ನಾಗಿದೆ ಅಂತಿದಾರೆ. ಕತ್ತರಿಯವ್ರ ಮಾತು ಈಗ ಅಲ್ಲಿ ಕಾಣ್ತಾನೇ ಇಲ್ಲ. ಅವ್ರಿಗೇನಾದ್ರೂ ಬೇಜಾರಾಯ್ತಾ? ನಿನಗೆ ಇದೆಲ್ಲ ಗೊತ್ತಲ್ಲ, ಅದಕ್ಕೆ ಕೇಳೋಣ ಅಂತ ಬಂದೆ."

ಮತ್ತೆ ಕೇಳಿದ. ದನಿ ಸಣ್ಣದಾಗಿತ್ತು.

"ಮೊದಲಿನದ್ದೇ ಸರಿ ಇದ್ದಿದ್ರೆ ನಾನು ಯಾಕೆ ಬಿಚ್ಚಿದೆ?"

ಭೂಮಿ ಬಾಯಿಬಿಡಬಾರದೇ ಎಂದು ಜನ ಹೇಳುವುದನ್ನು ಕೇಳಿದ್ದೆ. ಆಸ್ಪತ್ರೆಯ ಆ ಬೆಂಚಿನ ಮೇಲೆ ನನಗೆ ನಿಜವಾಗಿ ಹಾಗೇ ಅನ್ನಿಸಿತು. ಅವನಿಗೆ ಸಂತೋಷವಾಗಲಿ ಎಂದು ಹಾಕಿದ ಒಂದು ಪದ, ಅವನು ಮಾಡಿದ್ದು ಬೇಕಿರಲಿಲ್ಲ ಎಂದು ಅವನ ಕೈಗೇ ಬರೆದುಕೊಟ್ಟಂತಾಗಿತ್ತು.

"ಮಾವ, ಫೋಟೋ ಮೇಲೆ ಒಂದು ಪದ ಇರುತ್ತೆ. ನೀನು ಹಾಕ್ದಾಗ ಅದು ಕಲೆ ಅಂತಿತ್ತು. ನೀನು ಆರಿಸ್ದೆ ಇದ್ದಿದ್ದಕ್ಕೆ ತಾನಾಗೇ ಬಂದಿದ್ದು. ಕಲೆ ಅಂದ್ರೆ ಜನ ತಪ್ಪು ಹುಡುಕ್ತಾರೆ. ಈಗ ಅದು ನೆನಪು ಅಂತಿದೆ. ಅದಕ್ಕೆ ಕೈ ಮುಗೀತಿದಾರೆ. ಅಷ್ಟೇ ವ್ಯತ್ಯಾಸ."

"ಒಂದು ಪದಕ್ಕಾ?"

"ಹೂಂ."

"ಯಾರು ಬದಲಾಯಿಸಿದ್ದು?"

"ನಾನು." ಒಮ್ಮೆ ಶುರುವಾದ ಮೇಲೆ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಹೇಳುವುದಿಲ್ಲ ಎಂದು ನನಗೇ ಗೊತ್ತಿತ್ತು. "ಕತ್ತರಿ ಅಂದ್ರೆ ನಾನೇ ಮಾವ. ಹಾಸಿಗೆ ಸರಿಮಾಡಿ ಅಂತ ಬರೆದಿದ್ದು ನಾನು. ಶಭಾಷ್ ಅಂದಿದ್ದೂ ನಾನೇ. ಆಮೇಲೆ ನಿನ್ನ ಮನೆಗೆ ಬಂದಾಗ ಗೊತ್ತಾಯ್ತು. ಅವತ್ತೂ ಹೇಳ್ಲಿಲ್ಲ. ನನ್ನ ಮಾತು ಅಳಿಸಿಹಾಕಿ ಬಚ್ಚಿಟ್ಕೊಂಡೆ. ತಪ್ಪಾಯ್ತು."

ಮಾವ ಬೈಯ್ಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನನ್ನ ಕೈಯಿಂದ ಫೋನು ತೆಗೆದುಕೊಂಡು, ಆ ಮೊದಲ ಫೋಟೋವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿದ. ಎಡಗಡೆಯ ತಗ್ಗು ಪರದೆ ತುಂಬ ಬಂತು. ಈಗ ನನಗೂ ಕಂಡಿತು: ಭುಜ, ಸೊಂಟ, ಮಡಚಿದ ಮಂಡಿ. ಅತ್ತೆ ಮಲಗುತ್ತಿದ್ದ ರೀತಿಯೇ ಅದು. ಅಷ್ಟು ಸ್ಪಷ್ಟ.

"ಅವ್ರು ಬಿಡು," ಎಂದ. "ಅವ್ರಿಗೆ ಅವಳು ಯಾರು ಅಂತ ಹೇಗೆ ಗೊತ್ತಾಗ್ಬೇಕು? ಪದ ನೋಡಿ ನಕ್ರು, ಪದ ನೋಡಿ ಕೈ ಮುಗಿದ್ರು. ನೀನು ಆ ಹಾಸಿಗೆ ಮೇಲೆ ಅವಳ ಪಕ್ಕದಲ್ಲಿ ಮೂರು ವರ್ಷ ಮಲಗಿದ್ದವಳು." ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದ. "ನಿನಗೂ ಪದ ಬೇಕಾಗಿತ್ತೇನೇ?"

ಒಳಗಿನಿಂದ ನನ್ನ ಜೊತೆಯವಳು ಅಜ್ಜಿಗೆ ಉಸಿರು ಬಿಗಿ ಹಿಡಿಯಲು ಹೇಳುತ್ತಿದ್ದಳು. ಮಾವ ಫೋನನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಅಂಗಡಿ ತೆರೆದಿಟ್ಟು ಬಂದಿದ್ದೇನೆ ಎಂದು ಎದ್ದು ಹೋದ.